ಹುಳಿ ಬಿಯರಿನ ತೀರ್ಪುಗಾರ

ಲೋರ್‌ಬೆಕ್ ಊರಿನಲ್ಲಿ ಚೆರಿಹಣ್ಣು ನೆನೆಹಾಕದ ಮನೆ ಒಂದೇ ಒಂದು. ಅದು ಒಡೀಲನದು. ಆ ಭಾನುವಾರದ ಫಜೀತಿಗೆಲ್ಲ ಮೂಲ ಇಷ್ಟೇ.

ಉಳಿದವರೆಲ್ಲ ಬೇಸಿಗೆಯಲ್ಲಿ ಏಣಿ ಹಾಕಿ ಹುಳಿ ಚೆರಿ ಕಿತ್ತು, ಬ್ರೂವರಿಯಿಂದ ತಂದ ಹುಳಿ ಬಿಯರಿನ ಪೀಪಾಯಿಗೆ ಬೀಜಸಮೇತ ಸುರಿದು, ನೆಲಮಾಳಿಗೆಯಲ್ಲಿಟ್ಟು ಮರೆತವರಂತೆ ಇದ್ದುಬಿಡುತ್ತಿದ್ದರು. ಆ ಬಿಯರಿಗೆ ಬೇರೆ ಹೆಪ್ಪು ಬೇಡ, ಕಣಿವೆಯ ಗಾಳಿಯೇ ಹೆಪ್ಪು. ಚಳಿಗಾಲವೆಲ್ಲ ಅದು ಕತ್ತಲಲ್ಲಿ ತನ್ನಷ್ಟಕ್ಕೆ ಗೊಣಗುತ್ತ, ರಾತ್ರಿಯಿಟ್ಟ ದೋಸೆಹಿಟ್ಟಿನಂತೆ ಉಸಿರಾಡುತ್ತ, ಹಣ್ಣಿನ ಕೆಂಪನ್ನೆಲ್ಲ ಹೀರಿಕೊಂಡು ಮೇ ತಿಂಗಳ ಹೊತ್ತಿಗೆ ಕ್ರೀಕ್ ಎನ್ನುವ ಚೆರಿ ಬಿಯರ್ ಆಗಿರುತ್ತಿತ್ತು. ಒಡೀಲನಿಗೂ ಆಸೆ ಇರಲಿಲ್ಲವೆಂದಲ್ಲ. ಆದರೆ ಪೀಪಾಯಿಯ ಬಾಯಿ ತೆರೆದ ಮೇಲೆ ಬೇಗ ಮುಗಿಸಬೇಕು. ಮುಗಿಸಲು ಜನ ಬೇಕು. ಒಬ್ಬನೇ ಮನುಷ್ಯ ಕೂತು ಒಂದು ಪೀಪಾಯಿ ಕುಡಿದರೆ ಅದನ್ನು ಯಾರೂ ಹಬ್ಬ ಎನ್ನುವುದಿಲ್ಲ.

ಜನ ಇರಲಿಲ್ಲ ಯಾಕೆಂದರೆ, ಒಡೀಲ ಊರಿಗೂ ಬ್ರಸೆಲ್ಸಿಗೂ ನಡುವೆ ಓಡಾಡುವ ಬಸ್ಸಿನಲ್ಲಿ ಟಿಕೆಟ್ ತಪಾಸಣೆಯವನಾಗಿ ಬದುಕು ಸವೆಸಿದ್ದ. ಅವನ ಕೈಗೆ ಒಮ್ಮೆಯೂ ಸಿಕ್ಕಿಬೀಳದವರು ಊರಿನಲ್ಲಿ ಅಪರೂಪ. ಪಾದ್ರಿಯವರನ್ನೂ ಬಿಟ್ಟವನಲ್ಲ, ತನ್ನ ಮನೆಯ ಮಾಲೀಕನನ್ನೂ ಬಿಟ್ಟವನಲ್ಲ. ನಿವೃತ್ತನಾಗಿ ಎಷ್ಟೋ ಕಾಲವಾದರೂ ಅವನು ಎದುರಿಗೆ ಬಂದರೆ ಜನ ತಮಗೇ ತಿಳಿಯದ ಹಾಗೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಹಾಗೆಂದು ಯಾರೂ ಒರಟಾಗಿ ನಡೆದುಕೊಂಡವರಲ್ಲ. ಸಿಕ್ಕಾಗ ತಲೆಯಾಡಿಸುತ್ತಿದ್ದರು. ಕೆಫೆಗೆ ಹೋದರೆ ಸರಿದು ಜಾಗ ಬಿಡುತ್ತಿದ್ದರು. ಎಷ್ಟು ಧಾರಾಳವಾಗಿ ಬಿಡುತ್ತಿದ್ದರೆಂದರೆ ಅವನ ಸುತ್ತಲಿನ ಕುರ್ಚಿಗಳೆಲ್ಲ ಖಾಲಿಯಾಗುತ್ತಿದ್ದವು.

ಹೀಗಾಗಿ ಒಡೀಲ ಸಂಜೆ ಹೊತ್ತು ರೇಡಿಯೋದಲ್ಲಿ ಹವಾಮಾನ ಓದುವ ಹೆಂಗಸಿಗೆ ಉತ್ತರ ಕೊಡುವ ಅಭ್ಯಾಸ ಮಾಡಿಕೊಂಡಿದ್ದ. ಆಕೆ ನಾಳೆ ಮಳೆ ಎಂದರೆ, “ಹೌದಾ, ಸರಿ ಹಾಗಾದ್ರೆ” ಅನ್ನುತ್ತಿದ್ದ. ಆಕೆ ಮುಂದಿನ ಮಾತಿಗೆ ಹೋದರೆ, ತಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲವೇನೋ ಎಂದು ಅಂದುಕೊಳ್ಳುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾದಾಗ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಪಕ್ಕದ ಮನೆಯದಿರಬೇಕು ಎಂದುಕೊಂಡ. ಮತ್ತೆ ಬಡಿಯಿತು. ರೇಡಿಯೋ ಒಳಗಿನ ಸದ್ದಿರಬೇಕೆಂದು ಅದನ್ನು ಆರಿಸಿದ. ಆಮೇಲೂ ಬಡಿದಾಗ ಎದ್ದುಹೋಗಿ ಬಾಗಿಲು ತೆಗೆದ.

ಹೊರಗೆ ಕೆಫೆಯ ಒಡತಿ ಗೋಡೆಲೀವ ನಿಂತಿದ್ದಳು. ದಪ್ಪ ಹೆಂಗಸು, ಊರಿನ ಜಗಳಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ತಿರುಗುವವಳು. ಅವಳು ಒಳಗೆ ಬಂದು, ಕೂರದೆಯೇ, ಬಂದ ಕೆಲಸ ಹೇಳಿದಳು. ಅಂದು ಮಧ್ಯಾಹ್ನ ಕೆಫೆಯಲ್ಲಿ ಕ್ರೀಕ್ ಪಂದ್ಯ. ಈ ಸಲ ಕ್ರೀಕ್ ಹದವಾಗಿ ಬಂದಿರುವುದು ಮೂರೇ ಮನೆಯಲ್ಲಿ, ಮೂರೇ ಹೂಜಿ. ರುಚಿ ನೋಡಿ ತೀರ್ಪು ಕೊಡಬೇಕಾದವನು ಚರ್ಚಿನಲ್ಲಿ ಆರ್ಗನ್ ನುಡಿಸುವಾತ. ಆದರೆ ಅವನು ನಿನ್ನೆ ನಡೆದ ನಾಮಕರಣದಲ್ಲಿ, ಆ ಮೂವರಲ್ಲೊಬ್ಬನಾದ ಪಾರಿವಾಳದ ನೆಸ್ಟರನ ಮೊಮ್ಮಗುವಿಗೆ ಧರ್ಮಪಿತನಾಗಿಬಿಟ್ಟ. ಅಂದರೆ ನೆಸ್ಟರನ ನೆಂಟನಾದ. ಇನ್ನು ಅವನ ತೀರ್ಪನ್ನು ಉಳಿದಿಬ್ಬರು ಒಪ್ಪುವರೇ? ಹೋದ ವರ್ಷದ ತೀರ್ಪುಗಾರ ತನ್ನ ನಾದಿನಿಯ ಹೂಜಿಗೆ ಮೊದಲ ಸ್ಥಾನ ಕೊಟ್ಟಿದ್ದ, ಆಮೇಲೆ ಅವನ ಟೋಪಿ ಕೆರೆಯಲ್ಲಿ ಸಿಕ್ಕಿತ್ತು. ಗೋಡೆಲೀವ ರಾತ್ರಿಯೆಲ್ಲ ಊರಿನ ಮನೆಗಳನ್ನು ಒಂದೊಂದಾಗಿ ನೆನೆದು ಜಾಲಿಸಿದ್ದಳು. ಯಾರಿಗೂ ಸಂಬಂಧವಿಲ್ಲದವರು ಒಬ್ಬರೂ ಸಿಕ್ಕಿರಲಿಲ್ಲ. ಕೊನೆಗೆ ಒಡೀಲ ನೆನಪಾದ.

“ನಿಮ್ಮನೇಲಿ ಪೀಪಾಯಿ ಇಲ್ಲ, ನೆಂಟ್ರಿಲ್ಲ. ಸ್ನೇಹಿತ್ರು ಅಂತ…” ಅವಳು ತಡೆದು, ಸತ್ಯಕ್ಕೆ ಹೊದಿಸಲು ಮೆತ್ತಗಿನ ಬಟ್ಟೆ ಹುಡುಕಿ, ಸಿಗದೆ, ಬರಿದಾಗಿಯೇ ಮುಂದಿಟ್ಟಳು. “ಯಾರೂ ಇಲ್ಲ. ಇಡೀ ಊರಲ್ಲಿ ಈ ಯೋಗ್ಯತೆ ಇರೋದು ನಿಮಗೊಬ್ರಿಗೇ.”

ಒಡೀಲನ ಒಂಟಿತನಕ್ಕೆ ಯಾರಾದರೂ ಅಂಕ ಕೊಟ್ಟದ್ದು ಅದೇ ಮೊದಲು. ಅವನು ಬೆಣ್ಣೆಯ ಚಾಕು ಹಿಡಿದುಕೊಂಡೇ ಒಪ್ಪಿಕೊಂಡ.

ನಾಲಿಗೆಯ ವಿಷಯದಲ್ಲಿ ಅವನಿಗೆ ಅಳುಕಿರಲಿಲ್ಲ. ಪ್ರತಿ ವರ್ಷವೂ ಪಂದ್ಯದ ದಿನ ಗೆದ್ದವರ ಗೇಟಿನ ಬಳಿ ನಿಂತರೆ ಅವನಿಗೂ ಒಂದು ಗ್ಲಾಸು ಸಿಗುತ್ತಿತ್ತು. ಮಾತನಾಡಲು ಯಾರೂ ಇಲ್ಲದವನು ಕುಡಿಯುವುದನ್ನು ಗಮನವಿಟ್ಟು ಕುಡಿಯುತ್ತಾನೆ. ಬೇರೆಯವರಿಗೆ ಬರೀ ಹುಳಿ ಎನಿಸಿದ್ದರಲ್ಲಿ ಅವನಿಗೆ ಹಳೆ ಸೇಬು, ಒದ್ದೆ ಹುಲ್ಲು, ಕುದುರೆ ಲಾಯ, ಬಾದಾಮಿ ಎಲ್ಲ ಬೇರೆಬೇರೆಯಾಗಿ ಕಾಣುತ್ತಿದ್ದವು.

ಗೋಡೆಲೀವ ಹೋಗಿ ಒಲೆಯ ಮೇಲಿನ ಕಾಫಿ ಆರುವ ಮೊದಲೇ ಮತ್ತೆ ಬಾಗಿಲು ಬಡಿಯಿತು. ಸುದ್ದಿ ಅವಳಿಗಿಂತ ಮೊದಲು ಬೀದಿ ದಾಟಿತ್ತು.

ಬಂದವನು ನೆಸ್ಟರ್. ಪಾರಿವಾಳ ಹಾರಿಸುವುದು, ಊರಿನ ವಾದ್ಯಮೇಳದಲ್ಲಿ ದೊಡ್ಡ ಡೋಲು ಬಡಿಯುವುದು, ಎರಡೂ ಅವನವೇ. ಕೈಯಲ್ಲಿ ಮೂಲಂಗಿ ಕಟ್ಟು, ಬಟ್ಟೆಯಲ್ಲಿ ಸುತ್ತಿದ ಹಸಿ ಗಿಣ್ಣಿನ ಮುದ್ದೆ. ಹಾಗೇ ಹಾದು ಹೋಗುತ್ತಿದ್ದೆ ಅಂದ. ಒಡೀಲನ ಮನೆ ಬೀದಿಯ ಕೊನೆಯದು, ಅದರಾಚೆ ಹೊಲ. ಅಲ್ಲಿಂದ ಹಾದು ಹೋಗುವುದೆಂದರೆ ಬೀಟ್‌ರೂಟ್ ಪಾತಿಯೊಳಕ್ಕೇ ಹೋಗಬೇಕು. ಒಡೀಲ ಅದನ್ನೆಲ್ಲ ಕೇಳಲಿಲ್ಲ. ಓಡಿಹೋಗಿ ಎರಡನೆಯ ತಟ್ಟೆ ತಂದ. ಅದು ಅಲಮಾರಿನ ತಳದಲ್ಲಿ ಎಷ್ಟು ಕಾಲದಿಂದ ಇತ್ತೆಂದರೆ ತೊಳೆಯದೆ ಮುಂದಿಡುವ ಹಾಗಿರಲಿಲ್ಲ.

ನೆಸ್ಟರ್ ತನ್ನ ಹೆಣ್ಣು ಪಾರಿವಾಳದ ಕಾಲುನೋವಿನ ಬಗ್ಗೆ ಹೇಳಿದ. ಒಡೀಲ ಅದನ್ನು ರಾಜಮನೆತನದ ಸುದ್ದಿಯಂತೆ ಕೇಳಿದ. ಆಮೇಲೆ ನೆಸ್ಟರ್ ಬುಧವಾರದ ಇಸ್ಪೀಟಿನ ಮಾತೆತ್ತಿದ. ನಾಲ್ಕನೆಯವನು ಮಗಳ ಊರಿಗೆ ಹೋಗಿ ಕೂತುಬಿಟ್ಟಿದ್ದಾನಂತೆ, ಆಟ ಕುಂಟುತ್ತಿದೆಯಂತೆ.

“ನೀವು ಬಂದ್ರೆ ಚೆನ್ನಾಗಿರುತ್ತೆ ಒಡೀಲ್. ಪ್ರತಿ ಬುಧವಾರ. ಖಾಯಂ ಕುರ್ಚಿ.”

ಒಡೀಲ ಉಪ್ಪಿನ ಬಟ್ಟಲನ್ನು ಅವನತ್ತ ಸರಿಸಿದ. ನೆಸ್ಟರ್ ಮೂಲಂಗಿಯನ್ನು ಉಪ್ಪಿಗೆ ಅದ್ದುತ್ತ, ಯಾರಿಗೋ ಹೇಳುವವನಂತೆ, ತನ್ನ ಕ್ರೀಕಿನಲ್ಲಿ ಚೆರಿಬೀಜದ ಬಾದಾಮಿ ಘಮಲು ತುಸು ಮುಂದಾಗಿಯೇ ಬರುತ್ತದೆ ಎಂದ. ತಿಳಿದವರಿಗೆ ತಕ್ಷಣ ತಿಳಿಯುತ್ತದೆ ಎಂದೂ ಸೇರಿಸಿದ.

ಒಡೀಲ “ಹೂಂ” ಅಂದ. ಅವನ ಮನಸ್ಸಿನಲ್ಲಿದ್ದದ್ದು ಬುಧವಾರ. ನೆಸ್ಟರ್ ಅದನ್ನು ಭಾನುವಾರಕ್ಕೆ ಬರೆದುಕೊಂಡ.

ಅಷ್ಟರಲ್ಲಿ ಮತ್ತೆ ಬಾಗಿಲು. ಕಿಟಕಿಯಿಂದ ಇಣುಕಿದ ನೆಸ್ಟರನ ಮುಖ ಗಿಣ್ಣಿನ ಬಣ್ಣಕ್ಕೆ ತಿರುಗಿತು. ಪಂದ್ಯಕ್ಕೆ ಹೂಜಿ ಇಟ್ಟವನು ತೀರ್ಪುಗಾರನ ಮನೆಯಲ್ಲಿ ಮೂಲಂಗಿ ಕಡಿಯುತ್ತ ಸಿಕ್ಕಿಬಿದ್ದರೆ ಈ ಸಲ ಕೆರೆಯಲ್ಲಿ ಟೋಪಿಯೊಂದೇ ಸಿಗುವುದಿಲ್ಲ. ಒಡೀಲ ಏನೆನ್ನುವ ಮೊದಲೇ ಅವನು ಅಡಿಗೆಮನೆಯ ನೆಲದ ಹಲಗೆ ಎತ್ತಿ ನೆಲಮಾಳಿಗೆಯ ಮೆಟ್ಟಿಲಿಳಿದು ಕಲ್ಲಿದ್ದಲ ರಾಶಿಯ ಪಕ್ಕ ಮಾಯವಾದ.

ಬಾಗಿಲಲ್ಲಿ ಯುಡೋಕ್ಸಿ. ಊರಿನ ಹಳೇ ಚೆರಿತೋಟದ ಒಡತಿ, ಅಡ್ಡನುಡಿ ಬಾರದ ಮುದುಕಿ. ಬಸ್ಸಿನಲ್ಲಿ ಒಡೀಲನ ಕೈಗೆ ಸಿಕ್ಕಿಬಿದ್ದಾಗ, ಟಿಕೆಟ್ ತೆಗೆದುಕೊಳ್ಳದೆ ಹತ್ತಿದ್ದು ನಿಜ ಎಂದು ಒಪ್ಪಿಕೊಂಡ ಒಬ್ಬಳೇ ಒಬ್ಬಳು. ಅವಳ ಕೈಯಲ್ಲಿ ಬಿಸಿ ಸೂಪಿನ ಪಾತ್ರೆ ಇತ್ತು.

“ಒಬ್ನೇ ಏನು ಬೇಯಿಸ್ಕೊಂಡು ತಿಂತೀಯೋ ಏನೋ,” ಅಂದಳು. “ನಾನು ಯಾವತ್ತೂ ಜಾಸ್ತಿನೇ ಮಾಡೋಳು. ಇನ್ಮೇಲೆ ಭಾನುವಾರ ನಮ್ಮನೇಗೆ ಬಾ, ಕೂತು ತಿನ್ನು. ನಾನೂ ನನ್ನ ತಮ್ಮನೂ ಎದುರುಬದುರು ಕೂತು ಎಷ್ಟು ವರ್ಷ ಅಂತ ಮುಖ ನೋಡ್ಕೊಳ್ಳೋದು.”

ಒಡೀಲ ಸೂಪಿನ ಆವಿಯಲ್ಲಿ ಮುಖ ಮರೆಸಿಕೊಂಡ. ಯುಡೋಕ್ಸಿ ಬಂದ ವಿಷಯವನ್ನು ಸುತ್ತಿ ಬಳಸಿ ಹೇಳುವ ಗೋಜಿಗೆ ಹೋಗಲಿಲ್ಲ. ತನ್ನ ಮರದ ಹಣ್ಣು ಚಿಕ್ಕದು, ಹುಳಿ ಜಾಸ್ತಿ, ಮೊದಲ ಗುಟುಕಿಗೆ ಎಡಗಣ್ಣು ಮುಚ್ಚಿಕೊಳ್ಳುತ್ತದೆ, ನುಂಗಿದ ಮೇಲೆ ತಾನೇ ತೆರೆಯುತ್ತದೆ ಎಂದಳು. “ಕಣ್ಣು ಮುಚ್ಚಿದ್ದು ನಂದು ಅಂತ ತಿಳ್ಕೋ.”

ಒಡೀಲ ಮತ್ತೆ “ಹೂಂ” ಅಂದ. ಈ ಹೂಂ ಸೂಪಿಗೆ. ಆದರೆ ಹೂಂ ಎನ್ನುವುದು ಬಾಯಿಂದ ಹೊರಟ ಮೇಲೆ ಹಿಡಿದವರ ಸ್ವತ್ತು.

ಬಾಗಿಲು ಮತ್ತೆ ಬಡಿದಾಗ ಯುಡೋಕ್ಸಿ ಆ ವಯಸ್ಸಿಗೆ ಯಾರೂ ನಂಬದ ವೇಗದಲ್ಲಿ ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿ, ಪೊರಕೆಗಳ ನಡುವೆ ನಿಂತು ಬಾಗಿಲೆಳೆದುಕೊಂಡಳು. ಒಡೀಲ ಸೂಪಿನ ಪಾತ್ರೆಯನ್ನು ಎಲ್ಲಿಡುವುದೆಂದು ತಿಳಿಯದೆ ರೇಡಿಯೋದ ಮೇಲಿಟ್ಟ.

ಮೂರನೆಯವನು ಬೇಕರಿಯ ತಿಯೋಫೀಲ್. ಅವನು ಒಳಗೆ ಬಂದರೆ ಕೋಣೆಗೇ ಬ್ರೆಡ್ಡಿನ ವಾಸನೆ. ಅಕ್ಕಿಯ ಸಿಹಿ ಕಡುಬಿನಂಥ ಒಂದು ದೊಡ್ಡ ಟಾರ್ಟ್ ತಂದಿದ್ದ. ಶನಿವಾರ ಬೆಳಿಗ್ಗೆ ಮೊದಲ ಬ್ರೆಡ್ಡು ಒಲೆಯಿಂದ ಇಳಿದಾಗ ಬೇಕರಿಯ ಹಿಂಬದಿಯಲ್ಲಿ ನಾಲ್ಕು ಗಂಡಸರು ಸೇರುತ್ತಾರೆ, ಕಾಫಿ ಕುಡಿಯುತ್ತಾರೆ, ಬೆನ್ನು ಕಾಯಿಸುತ್ತಾರೆ, ಊರನ್ನೆಲ್ಲ ಆಡಿಕೊಳ್ಳುತ್ತಾರೆ. ಒಡೀಲ ಎಷ್ಟೋ ಶನಿವಾರ ಬ್ರೆಡ್ಡು ಕೊಳ್ಳಲು ಹೋಗಿ ಆ ನಗು ಗೋಡೆಯಾಚೆಯಿಂದ ಕೇಳಿದ್ದ. ಚಿಲ್ಲರೆ ಎಣಿಸುವ ನೆಪದಲ್ಲಿ ಇನ್ನೂ ಸ್ವಲ್ಪ ನಿಂತು ಕೇಳಿದ್ದ. ಈಗ ತಿಯೋಫೀಲ್ ಅಲ್ಲಿಗೇ ಬಾ ಎಂದು ಕರೆಯುತ್ತಿದ್ದ.

ಆಮೇಲೆ ದನಿ ತಗ್ಗಿಸಿದ. ಈ ಸಲ ಅವನ ಚೆರಿ ಸರಿಯಾಗಿ ಹಣ್ಣಾಗಿರಲಿಲ್ಲ. ಅದಕ್ಕೆ ಒಂದೇ ಒಂದು ಹಿಡಿ, ಹಿಡಿ ಅಂದರೆ ಮಗುವಿನ ಹಿಡಿ, ಸಕ್ಕರೆ ಬಿದ್ದಿದೆ. ನಾಲಿಗೆಯ ತುದಿಯಲ್ಲಿ ಸ್ವಲ್ಪ ಮುದ್ದಾಗಿ ಬರುತ್ತದೆ, ಗುರುತು ಹಿಡಿಯುವುದು ಸುಲಭ.

ಲೋರ್‌ಬೆಕ್ಕಿನಲ್ಲಿ ಕ್ರೀಕಿಗೆ ಸಕ್ಕರೆ ಹಾಕುವುದೆಂದರೆ ಚರ್ಚಿನಲ್ಲಿ ಶಿಳ್ಳೆ ಹಾಕಿದ ಹಾಗೆ. ನೆಲದಡಿಯಿಂದ ಒಂದು ಕೆಮ್ಮು ಎದ್ದು ಬಂತು.

ತಿಯೋಫೀಲ್ ಕೆಳಗೆ ನೋಡಿದ. “ಏನದು?”

“ಬೆಕ್ಕು,” ಅಂದ ಒಡೀಲ. ಬದುಕಿನಲ್ಲಿ ಅವನು ಹೇಳಿದ ಮೊದಲ ಸುಳ್ಳಿರಬೇಕು, ಕಿವಿ ಕೆಂಪಾಯಿತು.

“ನೀವು ಬೆಕ್ಕು ಸಾಕಿದ್ದು ಗೊತ್ತೇ ಇರ್ಲಿಲ್ಲ.”

“ಹೊಸದು.”

ಮೆಟ್ಟಿಲ ಕೆಳಗಿನ ಗೂಡಿನಿಂದ ಪೊರಕೆ ಧೂಳಿಗೆ ಒಂದು ಭಾರಿ ಸೀನು ಹೊರಟಿತು.

“ಎರಡು,” ಅಂದ ಒಡೀಲ.

ಬೆಕ್ಕು ಹಾಗೆ ಸೀನುತ್ತದೆಯೇ ಎಂದು ತಿಯೋಫೀಲ್ ಕೇಳುವವನಿದ್ದ. ಆದರೆ ಒಡೀಲ ಗಾಬರಿಯಲ್ಲಿ “ಹೂಂ, ಹೂಂ” ಎಂದುಬಿಟ್ಟದ್ದರಿಂದ ಅವನಿಗೆ ಬೇಕಾದದ್ದು ಸಿಕ್ಕಿತ್ತು. ಹೊರಡಬೇಕೆನ್ನುವಷ್ಟರಲ್ಲಿ ಬೀದಿಯಿಂದ ಗೋಡೆಲೀವಳ ದನಿ ಕೇಳಿಸಿತು. ತೀರ್ಪುಗಾರನನ್ನು ಕರೆದೊಯ್ಯಲು ತಾನೇ ಬರುತ್ತಿದ್ದಳು. ತಿಯೋಫೀಲ್ ತನ್ನ ಗಾತ್ರಕ್ಕೆ ಹೊಂದುವ ಜಾಗ ಒಳಗೆಲ್ಲೂ ಕಾಣದೆ ಹಿತ್ತಲಿಗೆ ಓಡಿ ಕಕ್ಕಸಿನೊಳಗೆ ಸೇರಿಕೊಂಡು ಚಿಲಕ ಹಾಕಿಕೊಂಡ.

ಒಡೀಲ ಕೋಟು ತೊಡುತ್ತ ಒಂದು ಗಳಿಗೆ ನಿಂತ. ಆ ಮನೆ ಇಷ್ಟು ತುಂಬಿದ್ದು ಇದೇ ಮೊದಲು. ಕೆಳಗೊಬ್ಬರು, ಗೂಡಿನಲ್ಲೊಬ್ಬರು, ಹಿತ್ತಲಲ್ಲೊಬ್ಬರು. ಮಲಗಿದ ಕೂಸಿರುವ ಮನೆಯಲ್ಲಿ ತಾಯಿ ಉಸಿರು ಎಣಿಸುವ ಹಾಗೆ ಅವನು ಆ ಮೂವರ ಉಸಿರಿಗೆ ಕಿವಿಗೊಟ್ಟ. ಮನೆತುಂಬ ಜನ, ಆದರೆ ಕಣ್ಣಿಗೆ ಬೀಳುವವರು ಒಬ್ಬರೂ ಇಲ್ಲ. ಆದರೂ ಇಲ್ಲದ್ದಕ್ಕಿಂತ ಇದೇ ಚೆನ್ನ ಎನಿಸಿತು. ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಲಿಲ್ಲ.

ಕೆಫೆಯಲ್ಲಿ ಊರಿಗೆ ಊರೇ ಸೇರಿತ್ತು. ಮಧ್ಯದ ಮೇಜಿನ ಮೇಲೆ ಬೂದುಬಣ್ಣದ ಮೂರು ಮಣ್ಣಿನ ಹೂಜಿ, ಮೂರು ಗ್ಲಾಸು, ಬ್ರೆಡ್ಡು, ನೀರು. ಯಾವ ಹೂಜಿ ಯಾರದೆಂದು ಗೋಡೆಲೀವಳಿಗೆ ಮಾತ್ರ ಗೊತ್ತು. ಕೊಂಚ ತಡವಾಗಿ ಮೂವರು ಪಂದ್ಯದವರೂ ಬಂದರು. ನೆಸ್ಟರನ ಮೊಣಕಾಲಿಗೆ ಕಲ್ಲಿದ್ದಲ ಮಸಿ. ಯುಡೋಕ್ಸಿಯ ಕೂದಲಲ್ಲಿ ಪೊರಕೆಕಡ್ಡಿ. ತಿಯೋಫೀಲನ ಅಂಗಿಗೆ ಸುಣ್ಣ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಡೀಲ ಮೊದಲ ಗ್ಲಾಸು ಬೆಳಕಿಗೆ ಹಿಡಿದ. ಮಾಣಿಕ್ಯದ ಕೆಂಪು, ಮೇಲೆ ಗುಲಾಬಿ ನೊರೆ. ಮೂಗಿಗೆ ಹಿಡಿದ. ಗುಟುಕರಿಸಿದ. ಹುಳಿಯ ಹಿಂದೆಯೇ ಚೆರಿಬೀಜದ ಬಾದಾಮಿ, ಕರೆಯದೆಯೇ ಬಂದ ನೆಂಟನ ಹಾಗೆ ಎಲ್ಲರಿಗಿಂತ ಮುಂದೆ ಬಂದು ಕೂತಿತು. ನೆಸ್ಟರ್.

ಬ್ರೆಡ್ಡು ಕಚ್ಚಿ, ನೀರು ಕುಡಿದು, ಎರಡನೆಯದನ್ನೆತ್ತಿಕೊಂಡ. ಹಸಿ ಮಾವಿನಕಾಯಿ ಕಚ್ಚಿದ ಹಾಗೆ ಹುಳಿ ದವಡೆ ಹಿಡಿಯಿತು, ಎಡಗಣ್ಣು ತಾನಾಗಿಯೇ ಮುಚ್ಚಿತು. ನುಂಗಿದ. ಕಣ್ಣು ತೆರೆಯಿತು. ತೆರೆದಾಗ ಬಾಯಿತುಂಬ ಚೆರಿ, ಮರದಲ್ಲೇ ಇರುವಂಥ ಚೆರಿ, ಆಮೇಲೆ ಒದ್ದೆ ಮರದ ತೊಗಟೆ, ಆಮೇಲೆ ಮಳೆ ನಿಂತ ಮೇಲಿನ ತೋಟ. ಒಳಗೆಲ್ಲೋ ಒಂದು ತಂಪು ಉಳಿದುಕೊಂಡಿತು. ಯುಡೋಕ್ಸಿ. ಇದಕ್ಕೆ ಸಮ ಇನ್ನೊಂದಿಲ್ಲವೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು.

ಮೂರನೆಯದು ನಾಲಿಗೆಯ ತುದಿಗೆ ಮುತ್ತು ಕೊಟ್ಟು, ಹಿಂದೆ ಏನೂ ಇಲ್ಲದೆ ಓಡಿಹೋಯಿತು. ಮಗುವಿನ ಹಿಡಿಯಲ್ಲ ಅದು, ಬೇಕರಿಯವನದೇ ಹಿಡಿ.

ಒಡೀಲ ಬಾಯಿ ತೆರೆದ. ಸುತ್ತ ಮುಖಗಳು. ಎಲ್ಲವೂ ಅವನ ಕಡೆಗೇ. ಎರಡನೆಯದು ಎಂದರೆ ಭಾನುವಾರದ ಊಟ ಸಿಗುತ್ತದೆ, ಬುಧವಾರ ಹೋಗುತ್ತದೆ, ಶನಿವಾರ ಹೋಗುತ್ತದೆ. ಬೇರೆ ಯಾವುದನ್ನು ಹೇಳಿದರೂ ಸುಳ್ಳು, ಮೇಲೆ ಭಾನುವಾರವೂ ಇಲ್ಲ. ಹೇಳದೇ ಇದ್ದರೆ?

“ಇನ್ನೊಂದ್ಸಲ ನೋಡ್ಬೇಕು,” ಅಂದ.

ಜನ ಮೆಚ್ಚಿ ತಲೆದೂಗಿದರು. ಅವನು ಮತ್ತೆ ರುಚಿ ನೋಡಿದ. ಈ ಸಲ ಒಂದೊಂದರ ಗುಣವನ್ನೂ ಬಾಯಿಬಿಟ್ಟು ಹೇಳಿದ. ಬಾದಾಮಿಯ ಕುರಿತು ಹೇಳಿದಾಗ ನೆಸ್ಟರ್ ಎದೆಯುಬ್ಬಿಸಿದ. ಮುದ್ದಿನ ಕುರಿತು ಹೇಳಿದಾಗ ತಿಯೋಫೀಲ್ ಮೀಸೆ ಒರೆಸಿಕೊಂಡ. ಬೇರೆ ಮೇಜಿನವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು. ಒಡೀಲನ ಎರಡೂ ಮೊಣಕೈ ಬೇರೆಯವರ ಮೊಣಕೈಗೆ ತಾಗುತ್ತಿದ್ದವು. ಅವನು ಆ ಸುಖಕ್ಕೆ ಮೂರನೆಯ ಸುತ್ತನ್ನೂ ಕುಡಿದ. ಕಡೆಗೆ ಕೆನ್ನೆ ಕ್ರೀಕಿನ ಬಣ್ಣಕ್ಕೆ ಬಂದು, ಇದು ಆತುರದಲ್ಲಿ ಆಗುವ ಕೆಲಸವಲ್ಲ, ಮುಂದಿನ ಭಾನುವಾರ ಮತ್ತೆ ಸೇರೋಣ, ಅಲ್ಲಿಯವರೆಗೆ ಪಂದ್ಯದವರು ಏನಾದರೂ ಹೇಳುವುದಿದ್ದರೆ ಮನೆಗೆ ಬರಬಹುದು, ಯಾವಾಗ ಬೇಕಾದರೂ ಬರಬಹುದು ಎಂದ.

ನೆಸ್ಟರನ ತಾಳ್ಮೆ ಅಲ್ಲಿಗೆ ಹರಿಯಿತು. “ಮುಂದಿನ ಭಾನುವಾರ ಯಾಕ್ರೀ? ಈ ಮೂರರಲ್ಲಿ ಒಂದಕ್ಕೆ ಸಕ್ಕರೆ ಬಿದ್ದಿದೆ. ಮೊದ್ಲು ಅದನ್ನ ಎತ್ತಿ ಪಕ್ಕಕ್ಕಿಡಿ.”

ಗೋಡೆಲೀವ ಸೊಂಟದ ಮೇಲೆ ಕೈಯಿಟ್ಟು, ಅದು ನಿನಗೆ ಹೇಗೆ ಗೊತ್ತು ಎಂದಳು. ಹಾಕಿದವನೇ ಹೇಳಿದ್ದನ್ನು ಕೇಳಿದೆ ಎಂದ ನೆಸ್ಟರ್. ಎಲ್ಲಿ? ಒಡೀಲನ ಮನೆಯಲ್ಲಿ. ಒಡೀಲನ ಮನೆಯಲ್ಲಿ ನಿನಗೇನು ಕೆಲಸ? ನೆಸ್ಟರ್ ತನ್ನ ಮೊಣಕಾಲ ಮಸಿಯನ್ನು ನೋಡಿಕೊಂಡ.

“ಓಹೋ,” ಅಂದ ತಿಯೋಫೀಲ್. “ನೆಲಮಾಳಿಗೆ ಬೆಕ್ಕು ನೀನೇನೋ?”

ಅಂದ ಮೇಲೆ ತಾನೂ ಅಲ್ಲಿದ್ದೆನೆಂದು ಒಪ್ಪಿಕೊಂಡ ಹಾಗಾಯಿತೆಂದು ಹೊಳೆದು ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಹಾಗಾದರೆ ಸೀನಿದ ಎರಡನೆಯ ಬೆಕ್ಕು ಯಾರು ಎಂದು ನೆಸ್ಟರ್ ಕೇಳಿದ. ಯುಡೋಕ್ಸಿ ಕೂದಲಿನಿಂದ ಪೊರಕೆಕಡ್ಡಿ ತೆಗೆದು ಮೇಜಿನ ಮೇಲಿಟ್ಟಳು. “ನಾನೇ. ಆ ಗೂಡು ಗುಡಿಸಿ ವರ್ಷಗಳಾಗಿವೆ.”

ನಗು, ಬೈಗುಳ, ಕುರ್ಚಿ ಸದ್ದು ಎಲ್ಲ ಒಟ್ಟಿಗೆ ಎದ್ದು ಕುಕ್ಕರಿನ ಕೂಗಿನಂತೆ ಮಾಡಿಗೆ ಬಡಿಯಿತು. ಅದು ಇಳಿದಾಗ ಎಲ್ಲರೂ ಒಡೀಲನ ಕಡೆ ತಿರುಗಿದ್ದರು. ಈ ಸಲ ಆ ಮುಖಗಳು ಬೇರೆ ಥರ ಇದ್ದವು. ಗೋಡೆಲೀವ ನೇರವಾಗಿ, ಮೂವರೂ ಬಂದಿದ್ದು ನಿಜವೇ, ನೀವು ಯಾರಿಗಾದರೂ ಮಾತು ಕೊಟ್ಟಿದ್ದೀರಾ ಎಂದಳು.

ಒಡೀಲ ಎದ್ದು ನಿಂತ. ಸುಳ್ಳು ಹೇಳಲು ಅವನಿಗೆ ಅಂದು ಬೆಳಿಗ್ಗೆ ಒಂದೇ ಬಾರಿ ಬಂದಿತ್ತು, ಈಗ ಅದೂ ಬರಲಿಲ್ಲ.

“ಮೂವರಿಗೂ ಹೂಂ ಅಂದೆ,” ಅಂದ. “ಒಬ್ರು ಇಸ್ಪೀಟಿಗೆ ಕರೆದ್ರು, ಒಬ್ರು ಊಟಕ್ಕೆ ಕರೆದ್ರು, ಒಬ್ರು ಕಾಫಿಗೆ. ನನ್ನ ಯಾರೂ ಕರೆದಿರ್ಲಿಲ್ಲ. ಅದಕ್ಕೆ ಹೂಂ ಅಂದೆ. ಕ್ರೀಕ್ ಬಗ್ಗೆ ಅಲ್ಲ.” ಸ್ವಲ್ಪ ಸುಧಾರಿಸಿಕೊಂಡು, ಇನ್ನು ಕಳೆದುಕೊಳ್ಳುವುದೇನೂ ಇಲ್ಲವೆಂದು, ಮೊದಲ ಗುಟುಕಿಗೇ ಗೊತ್ತಾದದ್ದನ್ನು ಹೇಳಿದ. “ಎರಡನೇ ಹೂಜಿ. ಅದರ ಮುಂದೆ ಬೇರೆ ಯಾವುದೂ ಇಲ್ಲ.”

ಗೋಡೆಲೀವ ಎರಡನೆಯ ಹೂಜಿಯಿಂದ ತನಗೊಂದು ಗ್ಲಾಸು ಬಗ್ಗಿಸಿಕೊಂಡು ಕುಡಿದಳು. ನೆಸ್ಟರನಿಗೂ ಕೊಟ್ಟಳು. ತಿಯೋಫೀಲನಿಗೂ ಕೊಟ್ಟಳು. ಇಬ್ಬರ ಎಡಗಣ್ಣೂ ಮುಚ್ಚಿ ತೆರೆಯಿತು. ಆಮೇಲೆ ನೆಸ್ಟರ್, ನುಂಗಲಾರದ್ದನ್ನು ನುಂಗಿದವನಂತೆ, “ಹೌದು ಕಣ್ರೀ” ಅಂದ. ತಿಯೋಫೀಲ್ ಗ್ಲಾಸನ್ನು ಇನ್ನೊಮ್ಮೆ ಮುಂದೆ ಹಿಡಿದ. ಅದೇ ಅವನ ಒಪ್ಪಿಗೆ.

ಗೋಡೆಲೀವ ಮೇಜು ಗುದ್ದಿದಳು. “ಮೂರು ಕಡೆಯಿಂದ ತಿಂದು, ಯಾರ ಕಡೆಗೂ ವಾಲದೆ ಸತ್ಯ ಹೇಳಿದೋನು! ನಮ್ಮೂರಲ್ಲಿ ಇಂಥವರೊಬ್ಬರು ಇದಾರೆ ಅಂತ ನಮಗೇ ಗೊತ್ತಿರ್ಲಿಲ್ಲ ನೋಡಿ.”

ಜನ ಎದ್ದು ಚಪ್ಪಾಳೆ ತಟ್ಟಿದರು. ಯಾರೋ ಒಡೀಲನ ಬೆನ್ನು ತಟ್ಟಿದರು. ಇನ್ಯಾರೋ ಅವನ ಟೋಪಿ ತೆಗೆದು, ಧೂಳು ಕೊಡವಿ, ಮತ್ತೆ ತಲೆಗಿಟ್ಟರು. ವರ್ಷಾವರ್ಷ ತೀರ್ಪುಗಾರನಿಗೆ ಹುಡುಕಾಡುವ ಗೋಳು ಇನ್ನು ಬೇಡ, ಒಡೀಲನೇ ಬದುಕಿರುವವರೆಗೂ ಊರಿನ ಖಾಯಂ ತೀರ್ಪುಗಾರ ಎಂದು ಗೋಡೆಲೀವ ಸಾರಿದಳು. ಒಪ್ಪುವವರು ಕೈ ಎತ್ತಿ ಎಂದಳು. ಎತ್ತದ ಕೈ ಇರಲಿಲ್ಲ. ಒಡೀಲನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಹುಳಿಯ ಮೇಲೆ ಹಾಕಿದ.

“ಒಂದೇ ಮಾತು,” ಅಂದಳು ಯುಡೋಕ್ಸಿ. ನ್ಯಾಯ ಅಂದರೆ ನ್ಯಾಯ ಅನ್ನುವ ಹೆಂಗಸು. “ಇವತ್ತು ನಾವು ಮಾಡಿದ ತಪ್ಪನ್ನ ನಾಳೆ ಇನ್ಯಾರೂ ಮಾಡಬಾರದು. ಪೀಪಾಯಿ ಇರೋ ಮನೆಯವರು ಯಾರೂ ಇವನ ಮನೆ ಮೆಟ್ಟಿಲು ಹತ್ತಬಾರದು. ಇವನನ್ನ ಯಾರೂ ಕರೀಬಾರದು. ವರ್ಷವಿಡೀ.”

ಊರಿನಲ್ಲಿ ಪೀಪಾಯಿ ಇಲ್ಲದ ಮನೆ ಅವನದೊಂದೇ.

ಕೈಗಳು ಮತ್ತೆ ಎದ್ದವು. ತಾನಿಲ್ಲದಾಗ ತಿಯೋಫೀಲ್ ಹೋದರೆ ಎಂದು ನೆಸ್ಟರ್ ಎರಡೂ ಕೈ ಎತ್ತಿದ. ನೆಸ್ಟರ್ ಹೋದರೆ ಎಂದು ತಿಯೋಫೀಲನೂ ಎತ್ತಿದ.

ಒಡೀಲ ಮೆಲ್ಲಗೆ, ಬುಧವಾರದ ಇಸ್ಪೀಟು ಹೇಗೆ ಎಂದು ಕೇಳಿದ. ನೆಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡ. “ಛೇ, ಈಗ ನೀವು ತೀರ್ಪುಗಾರರು. ನಿಮ್ಮ ಜೊತೆ ಕೂತು ಇಸ್ಪೀಟು ಆಡೋಕಾಗುತ್ತಾ? ನಿಮ್ಮ ಮರ್ಯಾದೆ ಏನಾಗ್ಬೇಡ?” ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಭಕ್ತಿಯೇ ಇತ್ತು.

ಗೆದ್ದವರ ಪೀಪಾಯಿ ಅಂದೇ ಖಾಲಿಯಾಗಬೇಕು, ಅದು ಲೋರ್‌ಬೆಕ್ಕಿನ ಪದ್ಧತಿ. ಮಕ್ಕಳು ಮರಿ, ವಾದ್ಯದವರು, ಆರ್ಗನ್ನಿನಾತ, ಎಲ್ಲರೂ ಕುರ್ಚಿ ಹೆಗಲಿಗೇರಿಸಿಕೊಂಡು ಯುಡೋಕ್ಸಿಯ ತೋಟದ ಕಡೆ ಹೊರಟರು. ಗೋಡೆಲೀವ ಕೆಫೆಯ ಬಾಗಿಲೆಳೆದು ಅವರ ಹಿಂದೆ ನಡೆದಳು. ಒಡೀಲನೂ ಅಭ್ಯಾಸದಂತೆ ಗುಂಪಿನ ಬಾಲ ಹಿಡಿದು ಗೇಟಿನವರೆಗೆ ಹೋದ. ಅಲ್ಲಿ ನೆಸ್ಟರ್ ಗೌರವದಿಂದ ಅಡ್ಡ ನಿಂತ. ಗೇಟೂ ಮನೆಯದೇ ಭಾಗವಲ್ಲವೇ ಎಂದ. ಹೊರಗೊಂದು ಗ್ಲಾಸು ತಂದುಕೊಡಲೇ ಎಂದು ಯಾರೋ ಕೇಳಿದರು. ಅದು ಲಂಚವಾಗುತ್ತದೆ ಎಂದು ಇನ್ಯಾರೋ ನೆನಪಿಸಿದರು. ಯುಡೋಕ್ಸಿ ಒಳಗಿನಿಂದ ಅವನನ್ನು ಕಂಡು ಕೈ ಎತ್ತಿದಳು, ಬೀಸುವ ಮುಂಚೆ ನ್ಯಾಯ ನೆನಪಾಗಿ ಕೈಯನ್ನು ಮೆಲ್ಲಗೆ ಇಳಿಸಿ ಎಪ್ರನ್ನಿಗೆ ಒರೆಸಿಕೊಂಡಳು.

ಮೇ ತಿಂಗಳ ಬಿಸಿಲು ಇನ್ನೂ ಮರಗಳ ಮೇಲಿತ್ತು. ಒಡೀಲ ಬೀದಿಯಲ್ಲಿ ಹಿಂದಿರುಗಿದ. ಬೇಲಿಯಾಚೆ ಡೋಲು ಶುರುವಾಯಿತು, ನಗು ಎದ್ದಿತು. ಆಮೇಲೆ ಗೋಡೆಲೀವಳ ದನಿ ಎಲ್ಲರನ್ನೂ 'ಶ್' ಎಂದು ಸುಮ್ಮನಾಗಿಸಿತು.

“ಮೊದಲ ಗ್ಲಾಸು ನಮ್ಮ ಒಡೀಲ್‌ಗೆ,” ಅಂದಳು ಅವಳು. “ನೂರು ವರ್ಷ ಬಾಳಲಿ.”

“ನೂರು ವರ್ಷ,” ಎಂದು ಇಡೀ ಊರು ಒಂದೇ ದನಿಯಲ್ಲಿ ಕೂಗಿ, ಗ್ಲಾಸುಗಳನ್ನು ತಾಗಿಸಿತು.

ಒಡೀಲ ಬೀದಿಯ ನಡುವೆ ನಿಂತ. ತನ್ನ ಹೆಸರು ಅಷ್ಟು ಜನರ ಬಾಯಲ್ಲಿ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಯಾರಿಗೂ ಕಾಣುವಂತಿರಲಿಲ್ಲ, ಆದರೂ ಟೋಪಿ ತೆಗೆದು, ಬೇಲಿಯ ಕಡೆ ಬಾಗಿ ವಂದಿಸಿದ. ಆಮೇಲೆ ನೂರು ವರ್ಷಕ್ಕೆ ಇನ್ನೆಷ್ಟು ಭಾನುವಾರ ಉಳಿದಿವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಮನೆಯ ಕಡೆ ನಡೆದ.